ನೋಡದೆ ಹೆಸರಿಟ್ಟ ಕಾಯಿಲೆ



ಪಟ್ಟದಕಲ್ಲಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ರವಾಸಿಗರು ಬಂದು ನೋಡಿ ಹೋಗುವ ಕಲ್ಲಿನ ದೇಗುಲಗಳ ಪಟ್ಟದಕಲ್ಲಲ್ಲ. ಆ ದೇಗುಲಗಳ ಮಗ್ಗುಲಲ್ಲೇ ಒಕ್ಕಲುತನ, ಕೂಲಿ ನೆಚ್ಚಿಕೊಂಡು ಬದುಕುವ ಊರು. ರಾತ್ರಿ ಹತ್ತು ಗಂಟೆ. ಅರವತ್ತು ದಾಟಿದ ತಾಯಿ ರೊಟ್ಟಿ ಉಂಡು ಮಲಗಿದವಳು ಎದ್ದು ಕುಳಿತಿದ್ದಾಳೆ. ಮಗ ಬಾದಾಮಿಯಲ್ಲಿರುವ ಪರಿಚಯದ ಡಾಕ್ಟರಿಗೆ ಫೋನು ಹಚ್ಚುತ್ತಾನೆ: "ಸಾಹೇಬ್ರ, ಅವ್ವಗ ಎದಿ ಉರಿಯಾಕತ್ತೈತ್ರಿ. ಸಂಜಿಗೆ ಖಾರದ ಪಲ್ಯಾ ಉಂಡಾಳ. ಒಂದು ಗುಳಿಗಿ ಹೆಸರು ಹೇಳ್ರಿ, ಅಂಗಡಿ ಇನ್ನೂ ತೆರದೈತಿ."

ಇದು ನಾನೇ ಕಟ್ಟಿಕೊಂಡ ಚಿತ್ರ. ಆದರೆ ಇಂಥ ಕರೆಯನ್ನು ಒಮ್ಮೆಯೂ ಮಾಡದ ಮನೆ ನಮ್ಮಲ್ಲಿ ಯಾವುದಿದೆ, ಹೇಳಿ. ಡಾಕ್ಟರು "ಗ್ಯಾಸ್ ಇರಬೇಕು" ಎಂದು ಗುಳಿಗೆಯ ಹೆಸರು ಹೇಳಿದರೆ ಬಹಳ ಸಲ ಅದು ನಿಜವೇ ಆಗಿರುತ್ತದೆ. ಆದರೆ ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವು ಎದೆ ಹಿಂಡುವ ನೋವಾಗಿ ಬಾರದೆ ಬರೀ ಉರಿಯಾಗಿ, ವಾಕರಿಕೆಯಾಗಿ, ಸುಸ್ತಾಗಿ ಬರುವುದುಂಟು. ಆ ತಾಯಿಯ ಹಣೆಯ ಬೆವರು ಫೋನಿನಲ್ಲಿ ಕಾಣುವುದಿಲ್ಲ. ತಣ್ಣಗಾದ ಅಂಗೈ ಫೋನಿನಲ್ಲಿ ತಾಗುವುದಿಲ್ಲ. ನಮ್ಮ ಹಿಂದಿನ ವೈದ್ಯರು ರೋಗಿಯನ್ನು ಅರಿಯುವ ಬಗೆ ಮೂರು ಎಂದರು: ದರ್ಶನ, ಸ್ಪರ್ಶನ, ಪ್ರಶ್ನೆ. ನೋಡುವುದು, ಮುಟ್ಟುವುದು, ಕೇಳುವುದು. ಫೋನಿನ ತುದಿಯಲ್ಲಿ ಉಳಿಯುವುದು ಮೂರನೆಯದೊಂದೇ. ಅದೂ ಮಗನ ಬಾಯಿಂದ.

ಹಾಗಾದರೆ ರೋಗಿಯನ್ನು ಕಣ್ಣಾರೆ ಕಾಣದೆ ರೋಗದ ಹೆಸರು ಹೇಳುವುದು ತಪ್ಪೇ?

ತಪ್ಪು ಎಂದುಬಿಡುವುದು ಸುಲಭ. "ನೋಡದೆ ಏನೂ ಹೇಳಲಾರೆ" ಎಂದು ಫೋನು ಇಟ್ಟುಬಿಟ್ಟ ಡಾಕ್ಟರು ತನ್ನ ಮಟ್ಟಿಗೆ ಸುರಕ್ಷಿತ. ಆದರೆ ಪಟ್ಟದಕಲ್ಲಿನಿಂದ ಬಾದಾಮಿಗೆ ಸುಮಾರು 22 ಕಿ.ಮೀ. ಆ ಹೊತ್ತಿನಲ್ಲಿ ಬಸ್ಸಿಲ್ಲ. ಬಾಡಿಗೆ ಗಾಡಿಗೆ ಒಂದು ದಿನದ ಕೂಲಿಯೂ ಸಾಲದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ದೇಗುಲಗಳ ಆವರಣಕ್ಕೇ ನೀರು ನುಗ್ಗಿದಾಗ ಈ ಭಾಗದವರಿಗೆ ದಾರಿಯೇ ಕಷ್ಟವಾಗಿತ್ತು. ಅಂಥ ದಿನ ಮುಟ್ಟಿಯೇ ನೋಡಬೇಕೆಂಬ ಹಟ ರೋಗಿಯನ್ನು ಕೈಬಿಟ್ಟಂತೆಯೇ. ಇನ್ನೊಂದು ಮಾತು. ಎದುರಿಗೇ ಕುಳಿತ ರೋಗಿಯತ್ತ ತಲೆ ಎತ್ತದೆ, ಎರಡು ಮಾತಿಗೆ ಚೀಟಿ ಗೀಚಿ "ಮುಂದಿನವರು" ಎನ್ನುವ ಡಾಕ್ಟರನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ನಡುವೆ ಇರುವುದು ಒಂದು ಮೇಜು ಮಾತ್ರ. ಆದರೂ ಅದು ನೋಡದೆ ಹೇಳಿದ ರೋಗವೇ ಅಲ್ಲವೇ? ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಈ ಪ್ರಶ್ನೆ ಬಗೆಹರಿಯದು.

ನ್ಯಾಯಾಲಯವೂ ಇದನ್ನು ಎದುರಿಸಬೇಕಾಯಿತು. ನೆರೆಯ ಮಹಾರಾಷ್ಟ್ರದ ರತ್ನಾಗಿರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾಗಿ ಮನೆಗೆ ಹೋಗಿದ್ದ ಬಾಣಂತಿಯೊಬ್ಬಳು ಕಾಯಿಲೆ ಬಿದ್ದು ಮತ್ತೆ ಆಸ್ಪತ್ರೆಗೆ ಬಂದಳು. ವೈದ್ಯರು ಊರಲ್ಲಿರಲಿಲ್ಲ, ತಮ್ಮ ಬದಲಿಗೆ ಇನ್ನೊಬ್ಬ ವೈದ್ಯರನ್ನು ಇಟ್ಟೂ ಇರಲಿಲ್ಲ. ಫೋನಿನಲ್ಲಿ ಹೇಳಿದಂತೆ ಔಷಧಿ ಕೊಡಲಾಯಿತು. ಆಕೆ ಉಳಿಯಲಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್ ಆ ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿ, ರೋಗವನ್ನು ನಿರ್ಣಯಿಸದೆ ಔಷಧಿ ಬರೆಯುವುದು ದಂಡನೀಯ ನಿರ್ಲಕ್ಷ್ಯವೆಂಬ ಅರ್ಥದ ಮಾತನ್ನಾಡಿತು. ಫೋನಿನಲ್ಲಿ ಮಾತನಾಡುವುದೇ ಅಪರಾಧವಾಯಿತೇ ಎಂದು ಎಷ್ಟೋ ವೈದ್ಯರು ಅಂಜಿದರು. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿ ಕೆಡುಕು ಫೋನಿನದಲ್ಲ. ಆ ಬಾಣಂತಿಯ ಮಂಚದ ಪಕ್ಕದಲ್ಲಿ ಬಲ್ಲವರ ಕಣ್ಣೊಂದೂ ಇಲ್ಲದೆ ಹೋದದ್ದು.

ಮುಂದೆ ಕೋವಿಡ್ ಬಂತು. ದೇಶಕ್ಕೆಲ್ಲ ಬೀಗ ಬಿದ್ದ 2020ರ ಮಾರ್ಚ್ 25ರ ದಿನಾಂಕದಲ್ಲೇ ದೂರದಿಂದ ಚಿಕಿತ್ಸೆ ನೀಡುವ ನಿಯಮಗಳು ಹೊರಬಂದವು. (ಗಬ್ರಿಯೇಲ ದೂತನು ಮಾತೆ ಮರಿಯಳ ಬಳಿಗೆ ಬಂದುದನ್ನು ನಾವು ಸ್ಮರಿಸುವ ದಿನವೂ ಅದೇ. ಆತನೂ ಸಂದೇಶ ಕಳಿಸಲಿಲ್ಲ, ತಾನೇ ಬಂದ.) ಆ ನಿಯಮಗಳು ವೈದ್ಯರ ಬಾಯಿ ಕಟ್ಟಲಿಲ್ಲ, ಹೊಣೆಯನ್ನು ಸಡಿಲಿಸಲೂ ಇಲ್ಲ. ಎದುರಿನ ರೋಗಿಗೆ ಎಷ್ಟು ಹೊಣೆಯೋ ಫೋನಿನ ರೋಗಿಗೂ ಅಷ್ಟೇ. ಮುಟ್ಟಿ ನೋಡಲೇಬೇಕಾದ ಕಾಯಿಲೆಯೆಂದು ಕಂಡರೆ ಅದಕ್ಕೆ ಏರ್ಪಾಡಾಗುವ ತನಕ ಮುಂದುವರಿಯಕೂಡದು. ಕೆಲವು ಔಷಧಿಗಳನ್ನು ಮೊದಲ ಸಲಕ್ಕೆ ಬರೆಯಬೇಕಾದರೆ ವಿಡಿಯೋದಲ್ಲಿ ಕಂಡಿರಬೇಕು. ಮತ್ತು ಬರಿಸುವಂಥ ಕೆಲವನ್ನು ದೂರದಿಂದ ಬರೆಯುವಂತೆಯೇ ಇಲ್ಲ.

ಈಗ ಆ ತಾಯಿಯ ಎದೆಯುರಿಗೇ ಬನ್ನಿ. ನಮ್ಮ ರಾಜ್ಯ ಸರಕಾರ ನಟ ಪುನೀತ್ ರಾಜ್‌ಕುಮಾರ್ ಅವರ ನೆನಪಿನಲ್ಲಿ 2023ರಲ್ಲಿ ಘೋಷಿಸಿದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ತಲಪುತ್ತದೆ. ರೋಗಿಯ ಮುಖವನ್ನೇ ಕಾಣದ ತಜ್ಞರು ಆ ಗೆರೆಗಳನ್ನು ಓದಿ ಹೇಳುತ್ತಾರೆ. ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಇದೂ ರೋಗಿಯನ್ನು ನೋಡದೆ ಹೇಳಿದ ರೋಗವೇ. ಆದರೆ ಇದನ್ನು ತಪ್ಪೆನ್ನುವ ಧೈರ್ಯ ಯಾರಿಗಿದೆ? ವ್ಯತ್ಯಾಸವಿಷ್ಟೆ: ಈ ತುದಿಯಲ್ಲಿ ಒಬ್ಬ ನರ್ಸ್ ಆ ತಾಯಿಯ ಸೆರಗು ಸರಿಸಿ, ಬೆವರು ಒರೆಸಿ, ಎದೆಗೆ ತಂತಿ ಅಂಟಿಸಿದ್ದಾಳೆ. ತಜ್ಞರ ಕೈ ಅಲ್ಲಿಗೆ ಮುಟ್ಟದಿದ್ದರೂ ಅವರ ಪರವಾಗಿ ಒಂದು ಕೈ ಮುಟ್ಟಿದೆ.

ಯಂತ್ರವನ್ನು ಕಂಡರೆ ಮೂಗು ಮುರಿಯುವ ಹಿರಿಯರಿಗೆ ಒಂದು ಹಳೆಯ ಕಥೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಆಲಿಸಿದ. ಸ್ಟೆತೊಸ್ಕೋಪು ಹುಟ್ಟಿದ್ದು ಹಾಗೆ. ಲೆನೆಕ್ ನಿಷ್ಠಾವಂತ ಕಥೋಲಿಕನಾಗಿದ್ದ. ವೈದ್ಯನ ಕಿವಿಗೂ ರೋಗಿಯ ಎದೆಗೂ ಒಂದು ಗೇಣು ದೂರ ಉಂಟುಮಾಡಿದವನು ಅವನೇ. ಆ ದೂರದಿಂದ ಅವನಿಗೆ ಎದೆಯ ಬಡಿತ ಇನ್ನೂ ಚೆನ್ನಾಗಿ ಕೇಳಿಸಿತು.

ಇಷ್ಟು ಹೊತ್ತು ಡಾಕ್ಟರನ್ನೇ ಕಟಕಟೆಯಲ್ಲಿ ನಿಲ್ಲಿಸಿದೆವು. ನಾವೇನು ಕಡಿಮೆ? ಭಾನುವಾರ ಪೂಜೆ ಮುಗಿಸಿ ಹೊರಬರುವ ಡಾಕ್ಟರನ್ನು ದೇವಾಲಯದ ಅಂಗಳದಲ್ಲೇ ತಡೆದು, ಊರಲ್ಲಿರುವ ಅತ್ತೆಯ ಮೊಣಕಾಲು ನೋವಿಗೆ ಮದ್ದು ಕೇಳುತ್ತೇವೆ. ನೆಂಟರಲ್ಲಿ ಒಬ್ಬ ನರ್ಸ್ ಸಿಸ್ಟರ್ ಇದ್ದರಂತೂ ಅವರ ಫೋನಿಗೆ ವಿಶ್ರಾಂತಿಯೇ ಇಲ್ಲ. ಕೇಳುವಾಗ ನಿಜವನ್ನೂ ಪೂರ್ತಿ ಹೇಳುವುದಿಲ್ಲ. ಆಸ್ಪತ್ರೆಗೆ ಬನ್ನಿ ಎಂದಾರೆಂಬ ಭಯಕ್ಕೆ ಬೆವರನ್ನು ಬಿಟ್ಟು ಪಲ್ಯದ ಮಾತನ್ನೇ ಹೇಳುತ್ತೇವೆ. ಆಮೇಲೆ ಏನಾದರೂ ಆದರೆ "ಡಾಕ್ಟರೇ ಹೇಳಿದ್ದರು" ಎನ್ನುತ್ತೇವೆ.

ಇದಕ್ಕಿಂತ ಘೋರವಾದ ಇನ್ನೊಂದಿದೆ, ಅದು ಮನಸ್ಸಿನ ಕಾಯಿಲೆಯದು. ಮನೆಯಲ್ಲಿ ಜಗಳವಾದಾಗ, ಸೊಸೆಯ ಅಥವಾ ಗಂಡನ ನಡತೆಯನ್ನು ಪರಿಚಿತ ವೈದ್ಯರ ಮುಂದೆ ಬಣ್ಣಿಸಿ, "ಅದು ಮಾನಸಿಕ ಕಾಯಿಲೆಯೇ" ಎಂಬ ಮಾತನ್ನು ಅವರ ಬಾಯಿಂದ ಹೊರಡಿಸಿಕೊಂಡು ಬರುವವರಿದ್ದಾರೆ. ಕಾಯಿಲೆ ಅಂಟಿಸಿಕೊಂಡವರಿಗೆ ಅದು ಗೊತ್ತೇ ಇರುವುದಿಲ್ಲ. ಅಮೆರಿಕದಲ್ಲಿ 1964ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಪತ್ರಿಕೆಯೊಂದು ಕೇಳಿತೆಂದು ಸಾವಿರಕ್ಕೂ ಹೆಚ್ಚು ಮನೋವೈದ್ಯರು, ತಾವು ಪರೀಕ್ಷಿಸಿರದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಯೋಗ್ಯನಲ್ಲವೆಂದು ಬರೆದುಕೊಟ್ಟರು. ಆತ ಮೊಕದ್ದಮೆ ಹೂಡಿ ಗೆದ್ದ. 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ, ತಾನು ಪರೀಕ್ಷಿಸದವರ ಬಗ್ಗೆ ಮತ್ತು ಅವರ ಒಪ್ಪಿಗೆಯಿಲ್ಲದೆ ವೈದ್ಯನು ಬಹಿರಂಗವಾಗಿ ಅಭಿಪ್ರಾಯ ಕೊಡಕೂಡದೆಂದು ನಿಯಮ ಮಾಡಿತು. ನಮಗೆ ಹೊಸ ನಿಯಮ ಬೇಕಿಲ್ಲ. ಸುಳ್ಳುಸಾಕ್ಷಿ ಹೇಳಬೇಡವೆಂಬ ಎಂಟನೆಯ ಆಜ್ಞೆಯೇ ಸಾಕು. ಸಹಾಯ ಬೇಡಲು ಕರೆ ಮಾಡಿದ ಮಗನೂ, ಸೊಸೆಯ ಹಣೆಗೆ ಹೆಸರು ಹಚ್ಚಲು ಹೋದ ಅತ್ತೆಯೂ ಒಂದೇ ಅಲ್ಲ.

ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದರು. ಆದರೆ ದೂರದಿಂದಲೂ ಗುಣಪಡಿಸಿದರಲ್ಲವೇ ಎಂದು ನೀವು ಕೇಳಬಹುದು. ಹೌದು, ಕಫೆರ್ನವುಮಿನ ಶತಾಧಿಪತಿಯ ಆಳನ್ನು. ಪರಮಪ್ರಸಾದಕ್ಕೆ ಮುಂಚೆ ನಾವು ಹೇಳುವ ಮಾತಿನ ಮೂಲ ಆ ಶತಾಧಿಪತಿಯದೇ ಆದ್ದರಿಂದ ಕಥೆ ನಮಗೆ ಬಾಯಿಪಾಠ. ಆದರೂ ಮತ್ತಾಯನ ಶುಭಸಂದೇಶದ ಎಂಟನೆಯ ಅಧ್ಯಾಯವನ್ನು ಮತ್ತೆ ತೆರೆದು ನೋಡಿ. ಆಳು ಪಾರ್ಶ್ವವಾಯುವಿನಿಂದ ಬಿದ್ದಿದ್ದಾನೆ, ಬಹಳ ನರಳುತ್ತಿದ್ದಾನೆ ಎಂದು ಯಜಮಾನನೇ ಬಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅದಕ್ಕೆ ಸ್ವಾಮಿ ಮೊದಲು ಕೊಟ್ಟ ಉತ್ತರ ತಾವೇ ಬಂದು ಗುಣಪಡಿಸುವುದಾಗಿ. ಬರುವುದು ಬೇಡ, ಮಾತು ಸಾಕು ಎಂದದ್ದು ಶತಾಧಿಪತಿ. ಆ ಮಾತಿಗೆ ಮುಂಚೆಯೇ ಹೊರಟುಬರುವ ಮನಸ್ಸಿತ್ತು.

ಪಟ್ಟದಕಲ್ಲಿನ ಆ ಫೋನು ಇನ್ನೂ ಕೆಳಗಿಟ್ಟಿಲ್ಲ. ನನ್ನ ಚಿತ್ರದ ಡಾಕ್ಟರು ಗುಳಿಗೆಯ ಹೆಸರು ಹೇಳುವ ಬದಲು ಕೇಳುತ್ತಾರೆ: "ಬೆವತಾಳೇನಪಾ? ಸಕ್ಕರಿ ಐತೇನು? ಫೋನ್ ಅವ್ವನ ಕೈಯಾಗ ಕೊಡು." ಆಕೆಯ ಉಸಿರಿನ ಏದುಸಿರನ್ನು ಕೇಳಿ, ಮತ್ತೆ ಮಗನಿಗೆ: "ಇದನ್ನ ಇಲ್ಲಿಂದ ಹೇಳಾಕ ಬರೂದಿಲ್ಲ. ಅಂಗಡಿಗೆ ಹೋಗಬ್ಯಾಡ, 108ಕ್ಕ ಫೋನ್ ಮಾಡು. ಅವ್ವನ್ನ ನಡಸಬ್ಯಾಡ್ರಿ. ದವಾಖಾನಿಗೆ ನಾ ಈಗ ಹೇಳತೇನಿ, ನೀವು ಬರೂದ್ರಾಗ ನಾನೂ ಅಲ್ಲಿರತೇನಿ."