ಹೊಳೆಯನ್ನು ಆರಿಸುವವರು ಯಾರು?

ನನ್ನ ತವರು ತೀರ್ಥಹಳ್ಳಿಯ ಹತ್ತಿರ, ತುಂಗೆಯ ದಂಡೆಯಲ್ಲಿ. ಮನೆಯ ಬಟ್ಟೆಯೆಲ್ಲ ಹೊಳೆಯಲ್ಲೇ ಒಗೆಯುವುದು. ಒಗೆಯುವವರು ನಾವು ಹೆಂಗಸರು, ಈಜುವವರು ಅಣ್ಣಂದಿರು. ಬೇಸಿಗೆ ಬಂತೆಂದರೆ ಅಪ್ಪ ಅವರ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ನಾನೂ ಬರುತ್ತೇನೆಂದರೆ ಅಜ್ಜಿ, "ಹೆಣ್ಣುಮಕ್ಕಳಿಗೆ ಎಂಥಕ್ಕೇ ಈಜು? ನೀರಿನ ಹತ್ತಿರ ಸಲುಗೆ ಬೇಡ" ಎನ್ನುತ್ತಿದ್ದಳು.

ದಿನಾ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವವರಿಗೆ ಈಜು ಬೇಡ. ಮೋಜಿಗೆ ಬರುವವರಿಗೆ ಬೇಕು! ಈ ಲೆಕ್ಕದ ತಪ್ಪು ನನಗೆ ಹೊಳೆದದ್ದು ಐವತ್ತೆಂಟರ ವಯಸ್ಸಿನಲ್ಲಿ, ಮಗಳ ದೆಸೆಯಿಂದ.

ಅವಳಿಗೆ ಕಯಾಕಿನ ಹುಚ್ಚು. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವ ಕಿರುದೋಣಿ. ನಮ್ಮ ಹರಿಗೋಲಿನ ಹಾಗೆ ಅದೂ ಹೊಟ್ಟೆಪಾಡಿಗಾಗಿ ಹುಟ್ಟಿದ್ದೇ. ಉತ್ತರಧ್ರುವದ ಕಡೆಯ ಇನ್ಯೂಟ್ ಗಂಡಸರು ಅದರಲ್ಲಿ ಕೂತು ಸೀಲ್ ಬೇಟೆಗೆ ಹೋಗುತ್ತಿದ್ದರು. ಚೌಕಟ್ಟಿಗೆ ನೀರು ಜಿನುಗದಂತೆ ಸೀಲ್ ಚರ್ಮ ಹೊಲಿದು ಕೊಡುತ್ತಿದ್ದವರು ಹೆಂಗಸರು. ಇದನ್ನು ಓದಿದಾಗ ನನಗೆ ತವರಿನ ಒಗೆಯುವ ಕಲ್ಲು ನೆನಪಾಯಿತು.

ಹೋದ ಡಿಸೆಂಬರಿನಲ್ಲಿ, "ಕಾಳಿ ಹೊಳೆಗೆ ಹೋಗ್ತಿದ್ದೀನಿ ಅಮ್ಮಾ" ಎಂದಳು.

"ಬೇಡ" ಎಂದೆ. "ಅಷ್ಟು ಆಸೆಯಿದ್ರೆ ಯಾವುದಾದ್ರೂ ಕೆರೇಲಿ ಆಡು."

"ನೀನು ಕಾಳಿ ನೋಡಿದ್ದೀಯಾ?"

ನೋಡಿರಲಿಲ್ಲ. ನೋಡದ ಹೊಳೆಗೆ ಹೆದರಿ, ಇಪ್ಪತ್ತೇಳು ವರ್ಷದ ಮಗಳನ್ನು ತಡೆಯುತ್ತಿದ್ದೆ. ನಾಚಿಕೆಯಾಗಿ ಜೊತೆಗೆ ನಾನೂ ಹೊರಟೆ.

ದಾಂಡೇಲಿಯಿಂದ ಮುಂದೆ ಗಣೇಶಗುಡಿ. ಅಲ್ಲಿ 1987ರಲ್ಲಿ ಮುಗಿದ ಸೂಪಾ ಅಣೆಕಟ್ಟು. ಹಳೆಯ ಸೂಪಾ ಊರು ಅದರ ನೀರಿನಡಿ ಮುಳುಗಿದೆ. ಕೆಳಗಿನ ಹೊಳೆ ಈಗ ಮಳೆಯ ಮಾತೊಂದನ್ನೇ ಕೇಳುವುದಿಲ್ಲ. ಕರೆಂಟಿಗಾಗಿ ನೀರು ಬಿಟ್ಟರೆ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ನಮ್ಮ ಮನೆಯ ದೀಪಕ್ಕೂ ಈ ಆಟಕ್ಕೂ ಒಂದೇ ನೀರು.

ಮಗಳು ಬಂದವಳೇ ನೀರಿಗೆ ಹಾರುತ್ತಾಳೆಂದು ಎಣಿಸಿದ್ದೆ. ಅವಳು ಮತ್ತು ಅವಳ ಮೂವರು ಸಂಗಡಿಗರು ಹಾರಲಿಲ್ಲ. ದಂಡೆಗುಂಟ ನಡೆದು ಒಂದೊಂದು ಬಂಡೆಯನ್ನೂ ನೋಡಿದರು. ಇವತ್ತು ನೀರು ಎಷ್ಟಿದೆ, ಮಗುಚಿದರೆ ಎಲ್ಲಿ ದಡ ಸಿಗುತ್ತದೆ, ಹಗ್ಗ ಹಿಡಿದು ಯಾರು ನಿಲ್ಲುತ್ತಾರೆ ಎಂದು ಮಾತಾಡಿಕೊಂಡರು. ರಭಸದ ನೀರಿಗೆ ಒಂದರಿಂದ ಆರರವರೆಗೆ ದರ್ಜೆಯುಂಟಂತೆ. ನೀರು ಏರಿದರೆ ಅದೇ ಜಾಗದ ದರ್ಜೆಯೂ ಬದಲಾಗುತ್ತದಂತೆ. ಒಂದು ಕಡೆ ಬಹಳ ಹೊತ್ತು ನಿಂತು ನೋಡಿದ ಮಗಳು, "ಇದು ಇವತ್ತು ನನಗೆ ಬೇಡ" ಎಂದು ದೋಣಿಯನ್ನು ಹೆಗಲಿಗೇರಿಸಿ ದಂಡೆಯ ಮೇಲೆಯೇ ನಡೆದುಬಿಟ್ಟಳು. ಯಾರೂ ನಗಲಿಲ್ಲ.

ನಾನು ಹೇಳಿದ್ದೂ "ಬೇಡ," ಅವಳು ಹೇಳಿದ್ದೂ "ಬೇಡ." ಆದರೆ ಅವಳದು ನೋಡಿ ಹೇಳಿದ್ದು, ನನ್ನದು ಕಣ್ಣು ಮುಚ್ಚಿ ಹೇಳಿದ್ದು.

"ಸದ್ದು ಮಾಡೋ ನೀರಿಗೇ ಹೆದರಬೇಡ ಅಮ್ಮಾ. ಊರ ಪಕ್ಕದ ಗಿಡ್ಡ ಒಡ್ಡು ಇರುತ್ತಲ್ಲ, ನೀರು ನಯವಾಗಿ ಜಾರೋದು? ಕೆಳಗೆ ಬಿದ್ದ ನೀರು ಹಿಂದಕ್ಕೆ ಮಗುಚಿಕೊಳ್ಳುತ್ತೆ. ಸಿಕ್ಕವರನ್ನ ಬಿಡೋದೇ ಇಲ್ಲ. ಒಳ್ಳೇ ಈಜುಗಾರರೂ ಹೋಗ್ತಾರೆ" ಎಂದಳು.

ನಯವಾದ ನೀರು ಎಂದಾಗ ನನಗೆ ಆಚೆಮನೆಯ ಸೊಸೆ ನೆನಪಾದಳು. ನನಗಾಗ ಹದಿನಾಲ್ಕು. ಬಟ್ಟೆ ಜಾಲಿಸುತ್ತಿದ್ದ ಆಕೆ ಪಾಚಿಯ ಮೇಲೆ ಕಾಲಿಟ್ಟು ಮಡುವಿಗೆ ಜಾರಿದಳು. ದಂಡೆಯಲ್ಲಿ ನಾವು ಐದು ಜನ ಇದ್ದೆವು. ನೀರಿನ ಬಣ್ಣ ನೋಡಿ ಘಟ್ಟದಲ್ಲಿ ಮಳೆಯಾಗಿದೆ ಎಂದು ಹೇಳಬಲ್ಲವರು. ಈಜು ಮಾತ್ರ ಒಬ್ಬರಿಗೂ ಬಾರದು. ಗಂಡಸರು ಗದ್ದೆಯಿಂದ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ರಾತ್ರಿ ಅಜ್ಜಿ, "ಅದಕ್ಕೇ ಹೇಳೋದು, ನೀರಿನ ಹತ್ತಿರ ಸಲುಗೆ ಬೇಡ ಅಂತ" ಎಂದಳು. ನಾವೂ ತಲೆಯಾಡಿಸಿದೆವು. ಸಲುಗೆ ಇಲ್ಲದ್ದರಿಂದಲೇ ಆಕೆ ಹೋದಳೆಂದು ಯಾರಿಗೂ ತೋಚಲಿಲ್ಲ.

ಹಾಗೆಂದು ತಾಯಿಯ ಭಯವೆಲ್ಲ ಸುಳ್ಳೇ? ಹೊಳೆ ಯಾರ ಮಗಳೆಂದು ಕೇಳುವುದಿಲ್ಲ. ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯಬೇಕು. ಆದ್ದರಿಂದ ಧೈರ್ಯವೆಂಬುದು ಸ್ವಂತದ ವಿಷಯ ಮಾತ್ರವಲ್ಲ. ಮಗಳು ಎಂಟು ವರ್ಷದವಳಾಗಿದ್ದರೆ ನಾನೇ ಆರಿಸಬೇಕಿತ್ತು. ಈಗ ನನಗಿರುವುದು ಕೇಳುವ ಹಕ್ಕು: ಯಾರ ಜೊತೆ, ಎಷ್ಟು ನೀರು, ಲೈಫ್ ಜಾಕೆಟ್ ಇದೆಯೇ? ಉತ್ತರ ಕೇಳಿದ ಮೇಲೆ ಸುಮ್ಮನಿರುವುದು ನನ್ನ ಕಷ್ಟ, ಅದನ್ನು ಅವಳ ತಲೆಗೆ ಕಟ್ಟಬಾರದು.

ಆದರೆ ಎಂಟು ವರ್ಷದವಳಾಗಿದ್ದಾಗ ನಾನು ಮಾಡಿದ್ದೇನು? ಅಜ್ಜಿಯ ಮಾತನ್ನೇ ಅವಳಿಗೂ ದಾಟಿಸಿದ್ದೆ. ಈಜನ್ನು ಅವಳು ಕಾಲೇಜಿಗೆ ಹೋದಮೇಲೆ ತಾನಾಗಿ ಕಲಿತಳು. ಕಯಾಕಿನ ಮೊದಲ ಪಾಠವೇ ಮಗುಚುವುದಂತೆ. ತಲೆಕೆಳಗಾಗಿ ನೀರಿನೊಳಗಿದ್ದು, ಗಾಬರಿಯಾಗದೆ, ಸೊಂಟದ ಹೊದಿಕೆ ಬಿಚ್ಚಿಕೊಂಡು ಹೊರಬರುವುದು. ಬೀಳಬಾರದೆಂದು ಹೆಣ್ಣುಮಕ್ಕಳಿಗೆ ನಾವು ನೂರು ಸಲ ಹೇಳುತ್ತೇವೆ. ಬಿದ್ದರೆ ಏಳುವುದು ಹೇಗೆಂದು ಒಮ್ಮೆಯಾದರೂ ಹೇಳಿಕೊಟ್ಟಿದ್ದೇವೆಯೇ?

ನಮ್ಮೂರಿನ ಈಜುಕೊಳದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೆಂಗಸರ ಸರದಿ. ಮೂರು ವಾರದಿಂದ ಹೋಗುತ್ತಿದ್ದೇನೆ. ಕಲಿಸುವ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು. "ಆಂಟಿ, ಮೊದಲು ಮುಖ ನೀರಲ್ಲಿಡಿ" ಎನ್ನುತ್ತಾಳೆ. ಇಡುತ್ತೇನೆ. ಇನ್ನೂ ಕಂಬಿ ಬಿಟ್ಟಿಲ್ಲ.