ರಿಪೋರ್ಟ್ ನಾರ್ಮಲ್ ಇತ್ತು

ಅಕ್ಕ ತನ್ನ ಉದ್ದ ಜಡೆ ಕತ್ತರಿಸಿಕೊಂಡು ಬಂದ ದಿನ ನಾನು ನಕ್ಕಿದ್ದೆ. "ಏನಕ್ಕ, ಪುಣೆ ಗಾಳಿ ಬೀಸಿತಾ?" ಎಂದು ರೇಗಿಸಿದ್ದೆ. ಅವಳೂ ನಕ್ಕಳು. ಕೈ ಮೇಲೆತ್ತಿ ಜಡೆ ಹೆಣೆದುಕೊಳ್ಳಲು ಆಗದೆ ಕೂದಲು ಕತ್ತರಿಸಿಕೊಂಡಿದ್ದಳು ಎಂದು ನನಗೆ ಗೊತ್ತಾಗಿದ್ದು ಒಂದು ತಿಂಗಳ ನಂತರ. ಒಂದೇ ಮನೆಯಲ್ಲಿದ್ದೂ ಅವಳು ಅದನ್ನು ನನಗೇಕೆ ಹೇಳಲಿಲ್ಲ?

ಅಕ್ಕನಿಗಿರುವುದು ಮಿಶ್ರ ಸಂಯೋಜಕ ಅಂಗಾಂಶ ರೋಗ. 1972ರಲ್ಲಿ ಅಮೆರಿಕದ ವೈದ್ಯ ಗಾರ್ಡನ್ ಶಾರ್ಪ್ ಮತ್ತು ಸಂಗಡಿಗರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೆಯೇ ತಿರುಗಿಬೀಳುತ್ತದೆ. ಲೂಪಸ್, ಸ್ಕ್ಲೆರೋಡರ್ಮಾ, ಸ್ನಾಯುಗಳ ಉರಿಯೂತ, ಇವುಗಳ ಲಕ್ಷಣಗಳೆಲ್ಲ ಒಬ್ಬರಲ್ಲೇ ಬೆರೆತು ಕಾಣಿಸಿಕೊಳ್ಳುತ್ತವೆ. ಅಕ್ಕನಿಗೆ ಶಿವಮೊಗ್ಗದಲ್ಲಿದ್ದಾಗಲೇ ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗುತ್ತಿತ್ತು. ಆಮೇಲೆ ಕೀಲುನೋವು ಬಂತು. ಕೊನೆಗೆ ತೊಡೆ, ಭುಜಗಳ ಶಕ್ತಿ ಹೋಯಿತು. ಚಿಕಿತ್ಸೆಗೆಂದು ನಮ್ಮ ಮನೆಗೆ ಕರೆತಂದೆ.

ಸ್ನಾಯುವಿನ ಕೋಶಗಳಿಗೆ ಪೆಟ್ಟಾದಾಗ ಸಿಕೆ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಸುಮಾರು 200ರೊಳಗೆ ಇರಬೇಕಾದ ಅದು ಅವಳಿಗೆ 3,000 ದಾಟಿತ್ತು. ದಿನಕ್ಕೆ 40 ಮಿಲಿಗ್ರಾಂ ಸ್ಟೀರಾಯ್ಡ್ ಶುರುವಾಯಿತು. ಪ್ರಾಜೆಕ್ಟ್ ಮ್ಯಾನೇಜರ್ ತಮ್ಮ ಸುಮ್ಮನಿರುತ್ತಾನೆಯೇ? ಎಕ್ಸೆಲ್ ಶೀಟ್ ಮಾಡಿದೆ. ಸಿಕೆ ಇಳಿಯುತ್ತಾ ಬಂತು. ಅಕ್ಕ ನಮ್ಮ ಎರಡನೇ ಮಹಡಿಗೆ ಮೆಟ್ಟಿಲು ಹತ್ತಿಯೇ ಬಂದಳು. ಸಿಕೆ 150ಕ್ಕೆ ಬಂದ ದಿನ ಆ ಸಾಲಿಗೆ ಹಸಿರು ಬಣ್ಣ ಹಾಕಿದೆ.

ಕೆಲವು ವಾರ ಕಳೆದ ಮೇಲೆ, "ಮತ್ತೆ ಮೆಟ್ಟಿಲು ಹತ್ತಕ್ಕಾಗ್ತಿಲ್ಲ ಕಣೋ. ಕಾಯಿಲೆ ವಾಪಸ್ ಬಂದಿದೆ, ಮಾತ್ರೆ ಜಾಸ್ತಿ ಮಾಡಿಸು" ಎಂದಳು. ಮತ್ತೆ ಟೆಸ್ಟ್ ಮಾಡಿಸಿದೆ. ಸಿಕೆ ಸರಿಯಾಗಿಯೇ ಇತ್ತು. "ರಿಪೋರ್ಟ್ ನಾರ್ಮಲ್ ಇದೆಯಲ್ಲ ಅಕ್ಕ. ಕೂತು ಕೂತು ಹೀಗಾಗಿದೆ, ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ" ಎಂದೆ. ಇದನ್ನು ಎರಡು ಸಲ ಹೇಳಿರಬೇಕು. ಮೂರನೇ ಸಲ ಹೇಳುವ ಸಂದರ್ಭವೇ ಬರಲಿಲ್ಲ. ಅವಳು ಹೇಳುವುದನ್ನೇ ನಿಲ್ಲಿಸಿದ್ದಳು.

ಮುಂದಿನ ಭೇಟಿಯಲ್ಲಿ ನಾನು ವೈದ್ಯರ ಮುಂದೆ ರಿಪೋರ್ಟ್ ಇಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು, ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ ಏಳುವಂತೆ ಅಕ್ಕನಿಗೆ ಹೇಳಿದರು. ಅವಳು ಮೂರು ಸಲ ಪ್ರಯತ್ನಿಸಿದಳು. ಏಳಲಾಗಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡರೆ ಆಗುವ ಕೆಲಸ ಅದಾಗಿರಲಿಲ್ಲ ಎಂದು ನೋಡುತ್ತಿದ್ದ ಯಾರಿಗಾದರೂ ತಿಳಿಯುತ್ತಿತ್ತು.

ತೊಡೆಯ ಎಂಆರ್‌ಐನಲ್ಲಿ ಉರಿಯೂತ ಕಾಣಲಿಲ್ಲ. ಈ ಸಲ ಸ್ನಾಯುವನ್ನು ಸೊರಗಿಸಿದ್ದು ಸ್ಟೀರಾಯ್ಡ್. ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದು ಸ್ನಾಯುವಿನ ಪ್ರೋಟೀನನ್ನೇ ಕರಗಿಸುತ್ತದೆ. 1932ರಲ್ಲಿ ಹಾರ್ವೆ ಕುಶಿಂಗ್ ವಿವರಿಸಿದ, ದೇಹವೇ ಕಾರ್ಟಿಸಾಲನ್ನು ಅತಿಯಾಗಿ ತಯಾರಿಸುವ ಕಾಯಿಲೆಯಲ್ಲೂ ಹೀಗೆಯೇ ಆಗುತ್ತದೆ. ಇಲ್ಲಿ ಕೋಶ ಒಡೆಯುವುದಿಲ್ಲ, ತೆಳುವಾಗುತ್ತದೆ. ಆದ್ದರಿಂದ ಸಿಕೆ ಸಾಮಾನ್ಯವಾಗಿ ಏರುವುದಿಲ್ಲ. ಉರಿಯೂತವಿದ್ದರೆ ಸ್ಟೀರಾಯ್ಡ್ ಹೆಚ್ಚಿಸಬೇಕು, ಸ್ಟೀರಾಯ್ಡಿನಿಂದಲೇ ಆಗಿದ್ದರೆ ಇಳಿಸಬೇಕು. ಹಾಗೆಂದು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಅಷ್ಟು ದಿನ ಸುಮ್ಮನಿದ್ದ ಅಡ್ರಿನಲ್ ಗ್ರಂಥಿ ತಕ್ಷಣ ಕೆಲಸಕ್ಕೆ ಬರದೆ ಜೀವಕ್ಕೇ ಅಪಾಯವಾಗಬಹುದು.

ಅಂದರೆ ಅಕ್ಕ ಹೇಳಿದ ಕಾರಣ ತಪ್ಪಾಗಿತ್ತು. ಅವಳು ಕೇಳಿದಂತೆ ಮಾತ್ರೆ ಹೆಚ್ಚಿಸಿದ್ದರೆ ಇನ್ನಷ್ಟು ಸೊರಗುತ್ತಿದ್ದಳು. ಆದರೆ ಅವಳು ಹೇಳಿದ ಅನುಭವ ಸರಿಯಾಗಿತ್ತು. ನಾನು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಆಚೆಗಿಟ್ಟಿದ್ದೆ. ಕಾಲು ಏಳುತ್ತಿಲ್ಲ ಎನ್ನುವುದಕ್ಕೆ ಅವಳಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಏಕೆ ಏಳುತ್ತಿಲ್ಲ ಎನ್ನುವುದನ್ನು ಪರೀಕ್ಷಿಸಿ ತಿಳಿಯಬೇಕು. ಸಿಕೆ ಸುಳ್ಳು ಹೇಳಿರಲಿಲ್ಲ. ಕೋಶಗಳು ಸೋರುತ್ತಿಲ್ಲ ಎಂದಷ್ಟೇ ಅದು ಹೇಳಿತ್ತು. ಅಕ್ಕ ಚೆನ್ನಾಗಿದ್ದಾಳೆ ಎಂದು ಓದಿಕೊಂಡವನು ನಾನು.

ಹಾಗಾದರೆ ಯಾರು ಏನು ಹೇಳಿದರೂ ನಂಬಬೇಕೆ? ನಮ್ಮ ಕೆಲಸದಲ್ಲಿ ಸೋಮವಾರದ ತಲೆನೋವುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಎಲ್ಲವನ್ನೂ ನಂಬಿದರೆ ಡೆಡ್‌ಲೈನ್ ಉಳಿಯುವುದಿಲ್ಲ ಎನ್ನುವುದೂ ಸುಳ್ಳಲ್ಲ. ಆದರೆ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಸುಳ್ಳನ್ನು ನಂಬಿದರೆ ಒಂದೆರಡು ದಿನದ ಕೆಲಸ ಹೋಗುತ್ತದೆ. ನಿಜವನ್ನು ಅನುಮಾನಿಸಿದರೆ ಆ ಮನುಷ್ಯ ಮುಂದೆ ಹೇಳುವುದನ್ನೇ ಬಿಡುತ್ತಾನೆ, ನಮಗೆ ಅದು ಗೊತ್ತೂ ಆಗುವುದಿಲ್ಲ. ವೈದ್ಯರಿಗೂ ಅನುಮಾನವಿತ್ತು. ಅವರು ತಮ್ಮ ಕೈಲಿದ್ದ ಅಂಕಿಯನ್ನು ಅನುಮಾನಿಸಿದರು, ನಾನು ಅಕ್ಕನನ್ನು.

"ಯಾಕೆ ಹೇಳಲಿಲ್ಲ?" ಎಂದು ವಾಪಸ್ ಬರುವಾಗ ಆಟೋದಲ್ಲಿ ಕೇಳಿದೆ. "ನೀನು ರಿಪೋರ್ಟ್ ಕೇಳ್ತಿದ್ದೆ. ಅದು ನನ್ ಹತ್ರ ಇರಲಿಲ್ವಲ್ಲ" ಎಂದಳು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ.

ವೈದ್ಯರು ಬೇರೊಂದು ಔಷಧಿ ಸೇರಿಸಿ ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸಿದರು. ಫಿಸಿಯೋಥೆರಪಿಯೂ ನಡೆಯಿತು. ಮೂರು ತಿಂಗಳಾಗುವಷ್ಟರಲ್ಲಿ ಅಕ್ಕ ಕೈ ಊರದೆ ಕುರ್ಚಿಯಿಂದ ಎದ್ದಳು. ಎಕ್ಸೆಲ್ ಶೀಟ್ ಈಗಲೂ ಇದೆ. ಸಿಕೆಗಿಂತ ಮೊದಲು ಒಂದು ಕಾಲಂ ಸೇರಿಸಿದ್ದೇನೆ: 'ಅಕ್ಕ ಹೇಳಿದ್ದು'. ಅದಕ್ಕೆ ಬಣ್ಣ ಹಾಕುವುದಿಲ್ಲ.