ಸಿಕ್ಕಿಬೀಳದಿದ್ದರೆ ಸಾಕಾ?

ಕೂತ್ಕೊಳ್ಳಿ. ಬೈಬಲ್ ತಂದವರು ಬೈಬಲಲ್ಲಿ, ಉಳಿದವರು ಫೋನಲ್ಲಿ, ಆದಿಕಾಂಡ 12ನೇ ಅಧ್ಯಾಯ ತೆಗೆದಿಟ್ಕೊಳ್ಳಿ. 10ನೇ ವಚನದಿಂದ ಕೊನೇ ತನಕ. ಅಲ್ಲಿಗೆ ಹೋಗೋ ಮೊದಲು ಒಂದು ಫೋನ್ ಕಾಲ್ ಬಗ್ಗೆ ಹೇಳ್ತೀನಿ.

ಬೆಳಗಿನ ಜಾವ ನಾಲ್ಕೂವರೆ. ನಾನು ಪ್ರಾರ್ಥನೆಗೆ ಎದ್ದಿದ್ದೆ. ಅಮೆರಿಕದ ನಂಬರಿಂದ ಕಾಲ್ ಬಂತು. ಅಲ್ಲಿ ನ್ಯೂಜೆರ್ಸಿಯಲ್ಲಿ ಆಗ ಸಂಜೆ ಏಳು ಗಂಟೆ. ನಮ್ಮ ಯೂತ್ ಗ್ರೂಪಲ್ಲೇ ಬೆಳೆದ ಹುಡುಗ. ಅವನ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದ್ದೀನಿ. ಹೆಸರು ಹೇಳಲ್ಲ, ನೀವೂ ಊಹೆ ಮಾಡೋಕೆ ಹೋಗ್ಬೇಡಿ.

"ಪಾಸ್ಟರ್, ಒಂದೇ ಒಂದು ವಿಷಯಕ್ಕೆ ಪ್ರಾರ್ಥನೆ ಮಾಡಿ. ಶುಕ್ರವಾರ ನ್ಯೂವರ್ಕಿಂದ ಡಲ್ಲಾಸ್‌ಗೆ ಫ್ಲೈಟಲ್ಲಿ ಹೋಗ್ತಿದ್ದೀನಿ. ಡೊಮೆಸ್ಟಿಕ್ ಫ್ಲೈಟ್. ಏರ್‌ಪೋರ್ಟಲ್ಲಿ ಯಾರೂ ಹಿಡೀಬಾರದು, ಅಷ್ಟೇ."

ಅವನು ಅಕ್ಕನ ಮನೆಗೆ ಅಂತ ವಿಸಿಟರ್ ವೀಸಾದಲ್ಲಿ ಹೋದವನು. ವೀಸಾ ಹತ್ತು ವರ್ಷದ್ದು. ಆದ್ರೆ ಪ್ರಿಯರೇ, ವೀಸಾ ಬೇರೆ, ಅಲ್ಲಿ ಇರೋಕೆ ಕೊಡೋ ಅವಧಿ ಬೇರೆ. ವೀಸಾ ಅಂದ್ರೆ ಬಾಗಿಲ ತನಕ ಬರೋಕೆ ಅನುಮತಿ. ಒಳಗೆ ಎಷ್ಟು ದಿನ ಇರಬಹುದು ಅನ್ನೋದನ್ನ ಇಳಿದಾಗ ಅಧಿಕಾರಿ ತೀರ್ಮಾನ ಮಾಡ್ತಾರೆ. ಅದು ಐ-94 ಅನ್ನೋ ದಾಖಲೆಯಲ್ಲಿ ಇರುತ್ತೆ. ಅವನಿಗೆ ಸಿಕ್ಕಿದ್ದು ಆರು ತಿಂಗಳು. ಆರು ತಿಂಗಳು ಮುಗಿದು ಇನ್ನೂ 150 ದಿನ ಆಗಿತ್ತು. ಊರಲ್ಲಿ ಅಪ್ಪನ ಆಸ್ಪತ್ರೆ ಖರ್ಚಿಗೆ ಮಾಡಿದ ಸಾಲ. ಅಲ್ಲಿ ಒಂದು ಅಂಗಡಿಯಲ್ಲಿ ನಗದು ಸಂಬಳಕ್ಕೆ ಕೆಲಸ. ಈಗ ಡಲ್ಲಾಸ್‌ನಲ್ಲಿ ಸ್ನೇಹಿತ ಒಬ್ಬ ಇನ್ನೂ ಸ್ವಲ್ಪ ಜಾಸ್ತಿ ಕೊಡೋ ಕೆಲಸ ನೋಡಿದ್ದ.

ರಾತ್ರಿಯೆಲ್ಲ ಕೂತು ಓದಿದ್ದ ಅವನು. ಅಮೆರಿಕದ ಒಳಗಿನ ಫ್ಲೈಟಿಗೆ 18 ವರ್ಷ ದಾಟಿದವರು ಗುರುತಿನ ದಾಖಲೆ ತೋರಿಸಬೇಕು. 2025ರ ಮೇ 7ರಿಂದ ರಿಯಲ್ ಐಡಿ ನಿಯಮ ಜಾರಿಗೆ ಬಂದ ಮೇಲೂ ನಮ್ಮ ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ. ಅಲ್ಲಿ ನಿಂತಿರೋ ಟಿಎಸ್ಎ ಅವರ ಕೆಲಸ ಭದ್ರತೆ. ಹೆಸರು, ಮುಖ ತಾಳೆ ನೋಡ್ತಾರೆ, ಬ್ಯಾಗ್ ನೋಡ್ತಾರೆ. ವಲಸೆ ಕಾನೂನು ಜಾರಿ ಮಾಡೋರು ಬೇರೆ, ಆದ್ರೆ ಎಲ್ಲರೂ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅನ್ನೋ ಒಂದೇ ಇಲಾಖೆ ಕೆಳಗೆ ಬರ್ತಾರೆ. ದಕ್ಷಿಣ ಟೆಕ್ಸಸ್‌ನಲ್ಲಿ, ಮೆಕ್ಸಿಕೋ ಗಡಿ ಕಡೆ ಹೋದ್ರೆ ಹೆದ್ದಾರಿಯಲ್ಲೇ ಬಾರ್ಡರ್ ಪ್ಯಾಟ್ರೋಲ್ ಚೆಕ್‌ಪೋಸ್ಟ್ ಇರುತ್ತೆ. ಇದೆಲ್ಲ ಲೆಕ್ಕ ಹಾಕಿ ಹೇಳ್ದ, "ಸಿಕ್ಕಿಬೀಳೋ ಚಾನ್ಸ್ ಕಡಿಮೆನೇ ಪಾಸ್ಟರ್. ಆ ಉಳಿದ ಸ್ವಲ್ಪಕ್ಕೆ ಪ್ರಾರ್ಥನೆ ಬೇಕು."

ನಾನು ಪ್ರಾರ್ಥನೆ ಶುರು ಮಾಡಿದೆ. ನಿಮ್ಮ ಮುಂದೆ ಒಪ್ಕೋತೀನಿ. "ಕರ್ತನೇ, ನಿನ್ನ ಮಗನನ್ನ ಅಧಿಕಾರಿಗಳ ಕಣ್ಣಿಗೆ ಮರೆಮಾಡು" ಅಂತ ಅರ್ಧ ವಾಕ್ಯ ಹೇಳಿದೆ. ಮುಂದೆ ಮಾತು ಬರಲಿಲ್ಲ. ನಾನು ಏನು ಕೇಳ್ತಿದ್ದೀನಿ? ಕತ್ತಲೆಯಿಂದ ಬೆಳಕಿಗೆ ಕರೆದ ದೇವರ ಹತ್ರ, ಇವನನ್ನ ಇನ್ನೂ ಸ್ವಲ್ಪ ಕತ್ತಲಲ್ಲಿ ಇಡು ಅಂತ ಕೇಳ್ತಿದ್ದೀನಾ? ಇವತ್ತಿನ ಪ್ರಶ್ನೆ ಇದೇ. ಸಿಕ್ಕಿಬೀಳದಿದ್ದರೆ ಸಾಕಾ?

ಈಗ ಆದಿಕಾಂಡ 12ಕ್ಕೆ ಬನ್ನಿ. ದೇಶದಲ್ಲಿ ಬರಗಾಲ. ಅಬ್ರಾಮನು ಐಗುಪ್ತಕ್ಕೆ ಹೋಗ್ತಾನೆ. ಗಮನಿಸಿ, ಹೋಗಿದ್ದನ್ನ ಬೈಬಲ್ ತಪ್ಪು ಅನ್ನಲ್ಲ. ಹಸಿವಿಗೆ ಊರು ಬಿಡೋದು ಪಾಪ ಅಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರೂ ಬರಗಾಲಕ್ಕೆ ಗುಳೆ ಹೋದವರೇ. ಆದ್ರೆ ಪರದೇಶದ ಗಡಿ ಹತ್ರ ಬಂದಾಗ ಭಯ ಬಂತು. ನನ್ನನ್ನ ಕೊಂದುಬಿಡ್ತಾರೆ ಅಂತ. ಹೆಂಡತಿ ಸಾರಯಳಿಗೆ ಹೇಳಿದ, ನನ್ನ ತಂಗಿ ಅಂತ ಹೇಳಿಬಿಡು. ಅದು ಅರ್ಧ ನಿಜ. 20ನೇ ಅಧ್ಯಾಯದಲ್ಲಿ ಅವನೇ ಹೇಳ್ತಾನೆ, ತಂದೆಯ ಕಡೆಯಿಂದ ಅವಳು ತಂಗಿಯೇ ಅಂತ.

ಆ ಸುಳ್ಳು ಕೆಲಸ ಮಾಡ್ತಾ, ಇಲ್ವಾ? ಮಾಡ್ತು! ಅಬ್ರಾಮ ಸಿಕ್ಕಿಬೀಳಲಿಲ್ಲ. ಕುರಿ, ದನ, ಕತ್ತೆ, ಒಂಟೆ, ಆಳುಗಳು, ಎಲ್ಲ ಸಿಕ್ತು. ಇವತ್ತು ನಮ್ಮ ಸಭೆಗೆ ಬಂದಿದ್ರೆ ಅವನಿಗೆ ಮೈಕ್ ಕೊಟ್ಟು ಸಾಕ್ಷಿ ಹೇಳಿಸ್ತಿದ್ವಿ. ಆದ್ರೆ ಬೆಲೆ ಕೊಟ್ಟೋರು ಯಾರು? ಸಾರಯಳು. ಅಬ್ರಾಮ ಹೊರಗೆ ಕ್ಷೇಮವಾಗಿದ್ದ. ಅವಳು ಫರೋಹನ ಅರಮನೆಯ ಒಳಗಿದ್ದಳು. ಕೊನೆಗೆ ದೇವರನ್ನ ತಿಳಿಯದ ಫರೋಹನೇ ದೇವರ ಮನುಷ್ಯನನ್ನ ಕರೆಸಿ, ನೀನು ಯಾಕೆ ನಿಜ ಹೇಳಲಿಲ್ಲ ಅಂತ ಕೇಳಬೇಕಾಯ್ತು. ಅಷ್ಟಾದ್ರೂ ಬುದ್ಧಿ ಬರಲಿಲ್ಲ. ಗೆರಾರಿನಲ್ಲಿ ಮತ್ತೆ ಅದೇ ಸುಳ್ಳು. 26ನೇ ಅಧ್ಯಾಯದಲ್ಲಿ ಮಗ ಇಸಾಕನೂ ಅದೇ ಊರಲ್ಲಿ ಅದೇ ಸುಳ್ಳು ಹೇಳ್ತಾನೆ. ಅಪ್ಪನ ಭಯ ಮಗನಿಗೆ ಆಸ್ತಿ ಥರ ಬಂತು.

ನಾನು ಆ ತಮ್ಮನಿಗೆ ಕೇಳಿದೆ, "ನಿನ್ನ ಭಯಕ್ಕೆ ಬೆಲೆ ಕೊಡ್ತಿರೋರು ಯಾರು?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಂದೊಂದೇ ಹೊರಗೆ ಬಂತು. ಅಮ್ಮನಿಗೆ ಕಂಪನಿ ಕೆಲಸ ಸಿಕ್ಕಿದೆ ಅಂತ ಹೇಳಿದಾನೆ. ಅಮ್ಮ ಅದನ್ನೇ ಬೀದಿಯವರಿಗೆಲ್ಲ ಹೇಳ್ಕೊಂಡು ಬರ್ತಿದ್ದಾರೆ. ಅಕ್ಕ ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿಬೀಳ್ತಾಳೆ. ಅಂಗಡಿ ಮಾಲೀಕ ಎರಡು ವಾರದ ಸಂಬಳ ಹಿಡ್ಕೊಂಡಿದ್ದಾನೆ. ಕೇಳೋ ಹಾಗಿಲ್ಲ. ಯಾಕಂದ್ರೆ ಇವನು ಎಲ್ಲೂ ದೂರು ಕೊಡಲ್ಲ ಅಂತ ಮಾಲೀಕನಿಗೆ ಗೊತ್ತು. ಏರ್‌ಪೋರ್ಟಲ್ಲಿ ಯಾರೂ ಹಿಡಿಯದೇ ಇರಬಹುದು ಪ್ರಿಯರೇ. ಅವನಾಗಲೇ ಸಿಕ್ಕಿಬಿದ್ದಿದ್ದ.

ಇನ್ನೊಂದು ಪ್ರಶ್ನೆ ಕೇಳಿದೆ. "ಡಲ್ಲಾಸ್ ಆದ ಮೇಲೆ ಎಲ್ಲಿಗೆ?" ಉತ್ತರ ಇರಲಿಲ್ಲ. ಆ ದೇಶದ ಕಾನೂನು ಹೀಗಿದೆ. ಅವಧಿ ಮೀರಿ ಒಂದು ದಿನ ಇದ್ದರೂ ಆ ಹತ್ತು ವರ್ಷದ ವೀಸಾ ಹೋಯ್ತು. 180 ದಿನಕ್ಕಿಂತ ಹೆಚ್ಚು ಇದ್ದು ತಾನಾಗಿ ಹೊರಟರೆ ಮೂರು ವರ್ಷ ವಾಪಸ್ ಬರೋಹಾಗಿಲ್ಲ. ಒಂದು ವರ್ಷ ದಾಟಿದರೆ ಹತ್ತು ವರ್ಷ. 1996ರಲ್ಲಿ ಮಾಡಿದ ಕಾನೂನು. ಅವನ ಕೈಲಿ ಇನ್ನೂ ಮೂವತ್ತು ದಿನ ಇತ್ತು. ಆ ಮೂವತ್ತು ದಿನ ಇಟ್ಕೊಂಡು ಅವನು ಇನ್ನೂ ಆಳಕ್ಕೆ ಟಿಕೆಟ್ ತಗೊಂಡಿದ್ದ.

ಈಗ ಕೆಲವರು ಮನಸ್ಸಲ್ಲೇ ತೀರ್ಪು ಬರೀತಿದ್ದೀರಿ. ರೋಮಾಪುರದವರಿಗೆ ಬರೆದ ಪತ್ರಿಕೆ 13ನೇ ಅಧ್ಯಾಯ ಇದೆಯಲ್ಲ ಪಾಸ್ಟರ್, ಅಧಿಕಾರಿಗಳಿಗೆ ಒಳಗಾಗಬೇಕು, ಮುಗೀತು ಅಂತ. ಹೌದು, ಇದೆ. ಅವನು ಕಾನ್ಸುಲೇಟಿನ ಕಿಟಕಿ ಮುಂದೆ ನಿಂತು, ಹೋಗಿ ವಾಪಸ್ ಬರ್ತೀನಿ ಅಂತ ಮಾತು ಕೊಟ್ಟಿದ್ದ. ಮುರಿದಿದ್ದು ಬರೀ ತಾರೀಖಲ್ಲ, ಕೊಟ್ಟ ಮಾತು. ಅದನ್ನ ನಾನು ಸಣ್ಣದು ಮಾಡಲ್ಲ. ಆದ್ರೆ ಯಾಜಕಕಾಂಡ 19ರಲ್ಲಿ, ನಿಮ್ಮ ಮಧ್ಯೆ ಇರೋ ಪರದೇಶಿಯನ್ನ ನಿಮ್ಮಂತೆಯೇ ಪ್ರೀತಿಸಿ ಅನ್ನೋ ಆಜ್ಞೆ ಕೊಟ್ಟವನೂ ಅದೇ ದೇವರು. ಒಂದು ವಚನ ಹಿಡ್ಕೊಂಡು ಇನ್ನೊಂದರ ತಲೆ ಮೇಲೆ ಹೊಡೀಬೇಡಿ.

ಎಲ್ಲರ ಪರಿಸ್ಥಿತಿ ಒಂದೇ ಅಲ್ಲ ಅನ್ನೋದನ್ನೂ ಹೇಳ್ತೀನಿ. ತನ್ನ ದೇಶಕ್ಕೆ ವಾಪಸ್ ಹೋದ್ರೆ ಪ್ರಾಣ ಉಳಿಯಲ್ಲ ಅನ್ನೋರು ಇದ್ದಾರೆ. ಹೊರಟರೆ ಹತ್ತು ವರ್ಷ ಮಕ್ಕಳ ಮುಖ ನೋಡೋಕಾಗಲ್ಲ ಅನ್ನೋ ತಾಯಂದಿರಿದ್ದಾರೆ. ಅವರಿಗೆ ನಾನು ಇಲ್ಲಿ ನಿಂತ್ಕೊಂಡು, ಫ್ಲೈಟ್ ಹತ್ತಿ ಬನ್ನಿ ಅಂತ ಹೇಳೋಕೆ ಬರಲ್ಲ. ಆದ್ರೆ ಎಲ್ಲರಿಗೂ ಹೇಳಬಹುದಾದ ಒಂದು ಮಾತಿದೆ. ಸುಮ್ಮನಿರೋದು ಬೇರೆ, ಸುಳ್ಳು ಹೇಳೋದು ಬೇರೆ. ಅಧಿಕಾರಿ ಕೇಳಿದಾಗ ಉತ್ತರ ಕೊಡದೆ ಮೌನವಾಗಿರೋ ಹಕ್ಕು ಆ ದೇಶದಲ್ಲಿ ಎಲ್ಲರಿಗೂ ಇದೆ, ಕಾಗದ ಇರೋರಿಗೂ ಇಲ್ಲದವರಿಗೂ. ಆದ್ರೆ ಭಯಕ್ಕೆ "ನಾನು ಈ ದೇಶದ ಪ್ರಜೆ" ಅಂತ ಒಂದು ಸುಳ್ಳು ಹೇಳಿದ್ರೆ, ಅದು ಓವರ್‌ಸ್ಟೇಗಿಂತ ದೊಡ್ಡ ತಪ್ಪು. ಹತ್ತು ವರ್ಷ ಅಲ್ಲ, ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಅಬ್ರಾಮನ ಒಂದು ಸಾಲಿನ ಸುಳ್ಳು ನೆನಪಿದೆಯಲ್ಲ?

ಈಗ ನನ್ನ ತಪ್ಪು ಹೇಳ್ತೀನಿ. ಅವನಿಗೆ ವೀಸಾ ಬಂದ ಭಾನುವಾರ ಅವನನ್ನ ಇದೇ ಸ್ಟೇಜಿಗೆ ಕರೆದೋನು ನಾನು. ಪಾಸ್‌ಪೋರ್ಟ್ ಎತ್ತಿ ತೋರಿಸ್ದ. ಎಲ್ಲರೂ ಚಪ್ಪಾಳೆ ತಟ್ಟಿ ಹಲ್ಲೆಲೂಯಾ ಅಂದ್ವಿ. ವೀಸಾ ಸಿಕ್ಕಿದ್ರೆ ದೇವರು ಮೆಚ್ಚಿದ್ದಾನೆ ಅಂತ ಅವನಿಗೆ ಕಲಿಸಿದ್ದು ನಾವೇ. ಹಾಗಿದ್ಮೇಲೆ ಅವಧಿ ಮುಗಿದಾಗ ಅವನಿಗೆ ಏನನ್ಸಿರ್ಬೇಕು? ದೇವರೂ ಕೈಬಿಟ್ಟ, ಸಭೆಗೆ ಮುಖ ತೋರಿಸೋ ಹಾಗಿಲ್ಲ ಅಂತ. ಐದು ತಿಂಗಳು ಅವನು ನನಗೆ ಕಾಲ್ ಮಾಡದೇ ಇದ್ದಿದ್ದು ಅದಕ್ಕೇ. ಅಮೆರಿಕದ ಪೊಲೀಸರಿಗಿಂತ ಜಾಸ್ತಿ ಅವನು ನಮಗೆ ಹೆದರಿದ್ದ.

ಫಿಲೆಮೋನನಿಗೆ ಬರೆದ ಪತ್ರಿಕೆ ಗೊತ್ತಲ್ಲ? ಒಂದೇ ಅಧ್ಯಾಯ. ಒನೇಸಿಮ ಯಜಮಾನನನ್ನ ಬಿಟ್ಟು ಬಂದ ಗುಲಾಮ. ಗುಲಾಮಗಿರಿ ನ್ಯಾಯ ಅಂತ ನಾನು ಹೇಳ್ತಿಲ್ಲ. ಓಡಿಬಂದವನ ಭಯವನ್ನ ನೋಡಿ. ಪೌಲನು ಅವನನ್ನ ಬಚ್ಚಿಡಲಿಲ್ಲ. ಬರೀ ಬುದ್ಧಿ ಹೇಳಿ ಒಬ್ಬನನ್ನೇ ಕಳಿಸಲೂ ಇಲ್ಲ. ಕೈಗೆ ಪತ್ರ ಕೊಟ್ಟ. ಇವನ ಸಾಲ ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಅಂತ ಬರೆದ. ಕೊಲೊಸ್ಸೆಯವರ ಪತ್ರಿಕೆಯ 4ನೇ ಅಧ್ಯಾಯ ನೋಡಿದ್ರೆ, ಜೊತೆಗೆ ತುಖಿಕನನ್ನೂ ಕಳಿಸಿದ. ಬೆಳಕಿಗೆ ಬಾ ಅಂತ ಕರೆಯೋ ಸಭೆ, ದಾರಿಯಲ್ಲಿ ಜೊತೆಗೂ ನಡೀಬೇಕು.

ನಾನು ಅವನಿಗೆ ಹೇಳಿದ್ದು ಎರಡೇ. ಮೊದಲು ಅಕ್ಕನಿಗೂ ಅಮ್ಮನಿಗೂ ನಿಜ ಹೇಳು. ಆಮೇಲೆ ಲೈಸೆನ್ಸ್ ಇರೋ ಇಮಿಗ್ರೇಷನ್ ವಕೀಲರನ್ನ ನೋಡು, ಏಜೆಂಟನ್ನಲ್ಲ. ಹೋಗ್ಬೇಕಾ, ಇರ್ಬೇಕಾ ಅಂತ ನಾನು ತೀರ್ಮಾನ ಕೊಡಲಿಲ್ಲ. ಶುಕ್ರವಾರದ ಫ್ಲೈಟ್ ಅವನು ಹತ್ತಲಿಲ್ಲ. ಟಿಕೆಟ್ ದುಡ್ಡು ಹೋಯ್ತು. 180 ದಿನ ತುಂಬೋಕೆ ಒಂಬತ್ತು ದಿನ ಇದ್ದಾಗ ಬೆಂಗಳೂರಿಗೆ ಹೊರಟ. ಅಲ್ಲಿಂದ ಹೊರಡುವಾಗ ನಮ್ಮಲ್ಲಿ ಇರೋ ಹಾಗೆ ಪಾಸ್‌ಪೋರ್ಟಿಗೆ ಸ್ಟಾಂಪ್ ಒತ್ತೋ ಕೌಂಟರ್ ಇಲ್ಲ, ಹೊರಟವರ ವಿವರ ಏರ್‌ಲೈನ್ ಮೂಲಕವೇ ಸರ್ಕಾರಕ್ಕೆ ಹೋಗುತ್ತೆ. ಅದೇ ನ್ಯೂವರ್ಕ್ ಏರ್‌ಪೋರ್ಟ್, ಅದೇ ಪಾಸ್‌ಪೋರ್ಟ್. ಅವನು ಹೇಳಿದ್ದು, "ಪಾಸ್ಟರ್, ಕೈ ನಡುಗ್ತಿತ್ತು. ಆದ್ರೆ ಆವತ್ತು ಯಾರು ಏನು ಕೇಳಿದ್ರೂ ನಿಜ ಹೇಳೋಕೆ ರೆಡಿ ಇದ್ದೆ."

ಸಾಲ ಇನ್ನೂ ಇದೆ. ಬೀದಿಯವರು ಇನ್ನೂ ಮಾತಾಡ್ತಾರೆ. ನಮ್ಮ ಇಬ್ಬರು ಹಿರಿಯರು ಅವನ ಜೊತೆ ಸಾಲ ಕೊಟ್ಟವರ ಹತ್ರ ಹೋಗಿ ಕೂತು ಕಂತು ಮಾಡಿಸಿದ್ರು. ಮೊದಲ ಮೂರು ಕಂತು ಸಭೆಯಿಂದ ಹೋಯ್ತು. ಅವನು ಇವತ್ತು ಹಿಂದಿನ ಸಾಲಲ್ಲಿ ಕೂತಿರಬಹುದು. ವೀಸಾ ತಗೊಂಡು ಹೋಗೋರಿಗೆ ಚಪ್ಪಾಳೆ ತಟ್ಟಿದ ನಾವು, ಬರಿಗೈಲಿ, ನಿಜ ಹೇಳಿ ವಾಪಸ್ ಬಂದವನ ಪಕ್ಕದಲ್ಲಿ ಕೂತ್ಕೋತೀವಾ?

ಇದು ಅಮೆರಿಕದ ಮಾತು ಮಾತ್ರ ಅಲ್ಲ. ನಮ್ಮ ಬೆಂಗಳೂರಲ್ಲೂ ಆಫ್ರಿಕಾದಿಂದ ಓದೋಕೆ ಬಂದ ಸಹೋದರ ಸಹೋದರಿಯರಿದ್ದಾರೆ. ವಿದೇಶಿಯರು ತಂಗಿದರೆ ಹೋಟೆಲಿನವರು 24 ಗಂಟೆ ಒಳಗೆ ಅವರ ವಿವರ ಕೊಡಬೇಕು ಅನ್ನೋ ನಿಯಮ ನಮ್ಮ ದೇಶದಲ್ಲೂ ಇದೆ. ಫೀಸು ಕಟ್ಟೋಕಾಗದೆ, ಅವಧಿ ಮೀರಿ, ಬೇರೆ ಊರಿಗೆ ಬಸ್ ಹತ್ತೋಕೂ ಹೆದರೋ ಒಬ್ಬ ಹುಡುಗ ನಮ್ಮ ಸಭೆಗೆ ಬಂದರೆ? ಅವನು ನಮ್ಮ ಹತ್ರ ನಿಜ ಹೇಳೋಕೆ ಆಗುತ್ತಾ? ಒನೇಸಿಮನಿಗೆ ಪೌಲ ಸಿಕ್ಕ ಹಾಗೆ ಅವನಿಗೆ ಯಾರಾದರೂ ಸಿಗ್ತಾರಾ?

ಪ್ರಾರ್ಥನೆ ಮಾಡೋಣ. ವೀಸಾ ಒಂದೇ ಅಲ್ಲ, ಇವತ್ತು ನೀವು ಯಾವುದನ್ನ ಬಚ್ಚಿಟ್ಟಿದ್ದೀರೋ, ಯಾವ ಚೆಕಿಂಗ್‌ಗೆ ಹೆದರಿ ಬದುಕ್ತಿದ್ದೀರೋ, ಅದನ್ನ ಮನಸ್ಸಿಗೆ ತಂದ್ಕೊಳ್ಳಿ. ಕರ್ತನೇ, ನಾವು ಸಿಕ್ಕಿಬೀಳದ ಹಾಗೆ ನೋಡ್ಕೋ ಅಂತ ಕೇಳೋ ಪ್ರಾರ್ಥನೆಯಿಂದ ನಮ್ಮನ್ನ ಬಿಡಿಸು. ನಿಜ ಹೇಳೋ ಧೈರ್ಯ ಕೊಡು. ನಿಜ ಹೇಳಿದವರ ಜೊತೆ ನಡೆಯೋ ಸಭೆಯಾಗಿ ನಮ್ಮನ್ನ ಮಾಡು. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ. ಆಮೆನ್.